ಬೀಜದ ತೊಗರಿಗೆ ಇಳುವರಿ ಎಂಬ ಹೆಸರು

ಜನ ಕಾಯಿಲೆ ಬೀಳುವುದು ನಿಲ್ಲುವುದಿಲ್ಲ, ಆದ್ದರಿಂದ ಔಷಧ ಕಂಪನಿ ಡಿವಿಡೆಂಡ್ ಕೊಡುವುದೂ ನಿಲ್ಲುವುದಿಲ್ಲ. ಈ ಮಾತು ಈಗ ಷೇರು ಸಲಹೆಗಾರರ ಬಾಯಲ್ಲಿ ಸುಪ್ರಭಾತದಂತೆ ಹರಿಯುತ್ತಿದೆ. ಮೊಬೈಲಿನ ಸಲಹೆಗಾರ ಹೇಳುತ್ತಾನೆ, ಪತ್ರಿಕೆಯ ವಾಣಿಜ್ಯ ಪುಟ ಹೇಳುತ್ತದೆ, ಹೂಡಿಕೆ ಪತ್ರ ತುಂಬಿಸಿಕೊಳ್ಳಲು ಬರುವ ಏಜೆಂಟನೂ ಹೇಳುತ್ತಾನೆ. ಕಾಗಿಣಾ ದಂಡೆಯ ಸಿಮೆಂಟ್ ಸೀಮೆಗೆ ಇದು ಇನ್ನಷ್ಟು ಒಗ್ಗುವ ಮಾತು. ಮಳಖೇಡ, ಸೇಡಂ, ವಾಡಿ, ಚಿತ್ತಾಪುರದ ಕಾರ್ಖಾನೆಗಳಿಂದ ನಿವೃತ್ತನಾಗುವ ಕಾರ್ಮಿಕನ ಕೈಗೆ ಜೀವಮಾನದಲ್ಲಿ ಒಮ್ಮೆ ಮಾತ್ರ ದೊಡ್ಡ ಗಂಟು ಬರುತ್ತದೆ: ಭವಿಷ್ಯನಿಧಿ ಮತ್ತು ಗ್ರಾಚ್ಯುಟಿ. ಮಳೆ ಬಂದರೆ, ಚುನಾವಣೆ ಬಂದರೆ, ಕಲ್ಲಿದ್ದಲು ತುಟ್ಟಿಯಾದರೆ ಸಿಮೆಂಟಿನ ಗತಿ ಏನಾಗುತ್ತದೆಂದು ಕಂಡವನು ಅವನು. ಅಂಥವನಿಗೆ 'ಔಷಧಕ್ಕೆ ಹಿಂಜರಿತ ಇಲ್ಲ, ಷೇರು ತೊಗೊಂಡು ಕೂತರೆ ಪಿಂಚಣಿ ಬಂದಂತೆ ಡಿವಿಡೆಂಡ್ ಬರುತ್ತದೆ' ಎಂದರೆ ಕಿವಿಗೆ ಹಿತವಾಗಿರುತ್ತದೆ. ಹಿತವಾದ ಈ ಸಲಹೆ ಲೆಕ್ಕದಲ್ಲಿ ಸುಳ್ಳು. ಅದನ್ನು ಹೇಳುವವರಲ್ಲಿ ಬಹುಪಾಲು ಜನ ಲೆಕ್ಕ ಹಾಕಿಯೇ ಇಲ್ಲ, ಉಳಿದವರು ಹಾಕಿಯೂ ಬಾಯಿ ಮುಚ್ಚಿಕೊಂಡಿದ್ದಾರೆ.

ಮೋಸ ಶುರುವಾಗುವುದು ಪದದಿಂದಲೇ. 'ಡಿವಿಡೆಂಡ್ ಇಳುವರಿ' ಎನ್ನುತ್ತಾರೆ. ಇಳುವರಿ ಎಂದರೆ ಏನೆಂದು ತೊಗರಿ ಬೆಳೆಯುವ ಈ ನಾಡಿಗೆ ಯಾರೂ ಪಾಠ ಹೇಳಬೇಕಿಲ್ಲ: ರಾಶಿ ಮುಗಿದ ಮೇಲೆ ಎಕರೆಗೆ ಎಷ್ಟು ಕ್ವಿಂಟಲ್ ಬಂತು ಎಂಬುದು. ಅಲ್ಲಿ ಎಕರೆ ಎಕರೆಯೇ. ನಿನ್ನೆ ನಲವತ್ತು ಗುಂಟೆ, ಇವತ್ತೂ ನಲವತ್ತು ಗುಂಟೆ. ಷೇರುಪೇಟೆಯ ಇಳುವರಿ ಎಂದರೆ ಹೋದ ವರ್ಷದ ಡಿವಿಡೆಂಡನ್ನು ಇವತ್ತಿನ ಷೇರು ಬೆಲೆಯಿಂದ ಭಾಗಿಸಿದ ಅಂಕಿ. ಹೋದ ವರ್ಷದ ರಾಶಿಯನ್ನು ಇವತ್ತಿನ ಹೊಲದ ದರಕ್ಕೆ ಹೋಲಿಸಿ 'ಇಳುವರಿ' ಎಂದು ಕರೆದರೆ ಅಡತಿ ಅಂಗಡಿಯ ಹಮಾಲನೂ ನಗುತ್ತಾನೆ. ಹೊಲದ ಬೆಲೆ ಬಿದ್ದಷ್ಟೂ ಈ ಇಳುವರಿ ಏರುತ್ತದೆ! ನೂರು ರೂಪಾಯಿಯ ಷೇರು ಎರಡು ರೂಪಾಯಿ ಕೊಟ್ಟರೆ ಇಳುವರಿ ಶೇ 2. ಕಂಪನಿಗೆ ಏನೋ ಕೇಡಾಗಿ ಷೇರು ಐವತ್ತಕ್ಕೆ ಕುಸಿದರೆ ಇಳುವರಿ ಶೇ 4. ಅರ್ಧ ಆಸ್ತಿ ಹೋದವನನ್ನು ನಿಲ್ಲಿಸಿ 'ನಿಮ್ಮ ಇಳುವರಿ ದುಪ್ಪಟ್ಟಾಯಿತು' ಎಂದು ಅಭಿನಂದಿಸುವ ಅಳತೆಗೋಲು ಇದು. 'ಹೆಚ್ಚು ಡಿವಿಡೆಂಡ್ ಇಳುವರಿಯ ಹತ್ತು ಷೇರುಗಳು' ಎಂಬ ಪಟ್ಟಿಗಳಲ್ಲಿ ಗೆದ್ದವರ ಜೊತೆ ಬಿದ್ದವರೂ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಯಾರು ಯಾರು ಎಂದು ಪಟ್ಟಿ ಹೇಳುವುದಿಲ್ಲ.

ಇನ್ನು ನಿಜವಾದ ಅಂಕಿಗಳಿಗೆ ಬರೋಣ. ಕನ್ನಡಿಗರು ಹೆಮ್ಮೆಯಿಂದ ನಮ್ಮದೆನ್ನುವ ಔಷಧ ಕಂಪನಿ ಬೆಂಗಳೂರಿನ ಬಯೋಕಾನ್. 2024-25ನೇ ಸಾಲಿಗೆ ಅದು ಕೊಟ್ಟ ಡಿವಿಡೆಂಡ್ ಷೇರಿಗೆ 50 ಪೈಸೆ. ಷೇರಿನ ಬೆಲೆ 350 ರೂಪಾಯಿ ಎಂದಿಟ್ಟುಕೊಳ್ಳಿ. ಇಪ್ಪತ್ತು ಲಕ್ಷದ ಗ್ರಾಚ್ಯುಟಿ ಮತ್ತು ಪಿಎಫ್ ಗಂಟನ್ನು ಪೂರ್ತಿ ಸುರಿದರೆ ವರ್ಷಕ್ಕೆ ಬರುವುದು ಮೂರು ಸಾವಿರಕ್ಕಿಂತ ಕಡಿಮೆ, ತಿಂಗಳಿಗೆ ಇನ್ನೂರ ನಲವತ್ತು ರೂಪಾಯಿಯ ಆಸುಪಾಸು. ದೇಶದ ಅತಿ ದೊಡ್ಡ ಔಷಧ ಕಂಪನಿ ಸನ್ ಫಾರ್ಮಾ ಅದೇ ಸಾಲಿಗೆ ಕೊಟ್ಟದ್ದು ಒಟ್ಟು 16 ರೂಪಾಯಿ. ಷೇರಿನ ಬೆಲೆ 1,700 ಎಂದುಕೊಂಡರೆ ಇಪ್ಪತ್ತು ಲಕ್ಷಕ್ಕೆ ವರ್ಷಕ್ಕೆ ಹತ್ತೊಂಬತ್ತು ಸಾವಿರದ ಒಳಗೆ. ಅದೇ ಹಣವನ್ನು ಸೇಡಂನ ಅಂಚೆ ಕಚೇರಿಯಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದರೆ, ಶೇ 8.2ರ ದರದಲ್ಲಿ, ವರ್ಷಕ್ಕೆ 1,64,000 ರೂಪಾಯಿ. ಮೂರು ತಿಂಗಳಿಗೊಮ್ಮೆ 41,000 ಖಾತೆಗೆ ಬೀಳುತ್ತದೆ. ಇಲ್ಲಿರುವುದು ಎಂಟು ಪಟ್ಟಿಗೂ, ಐವತ್ತು ಪಟ್ಟಿಗೂ ಮೀರಿದ ಅಂತರ. ಡಿವಿಡೆಂಡನ್ನು ಪಿಂಚಣಿಗೆ ಹೋಲಿಸುವ ಮಹನೀಯರು ಈ ಭಾಗಾಕಾರವನ್ನು ಒಮ್ಮೆಯಾದರೂ ಮಾಡಿದ್ದಾರೆಯೇ? ಮಾಡಿದ್ದರೆ ಯಾವ ಬಾಯಲ್ಲಿ ಹೇಳುತ್ತಾರೆ?

'ಬಯೋಕಾನ್, ಸನ್ ಬಿಡಿ, ವಿದೇಶಿ ಮೂಲದ ಔಷಧ ಕಂಪನಿಗಳನ್ನು ನೋಡಿ, ಸಾಲವಿಲ್ಲ, ಧಾರಾಳವಾಗಿ ಹಂಚುತ್ತಾರೆ' ಎಂಬುದು ಅವರ ಮುಂದಿನ ಪಟ್ಟು. ನೋಡೋಣ. ಈ ಲೆಕ್ಕಕ್ಕೆ ಮಳಖೇಡದ ಹೊರಗೆ ಗುರುವನ್ನು ಹುಡುಕಬೇಕಿಲ್ಲ. ಇಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಮಿಶ್ರಕ ವ್ಯವಹಾರ ಎಂದು ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಅಸಲು ಬಡ್ಡಿ ಎರಡೂ ಬೆರೆತು ಒಂದೇ ಮೊತ್ತವಾಗಿ ಕೈಗೆ ಬಂದಾಗ ಯಾವುದು ಅಸಲು, ಯಾವುದು ಬಡ್ಡಿ ಎಂದು ಬಿಡಿಸುವ ಲೆಕ್ಕಗಳು ಅದರಲ್ಲಿವೆ. ಒಂಬತ್ತನೆಯ ಶತಮಾನದ ಆ ಲೆಕ್ಕವನ್ನು ಇವತ್ತಿನ ಡಿವಿಡೆಂಡ್ ಪಟ್ಟಿಗೆ ಹಚ್ಚಿದರೆ ಪಟ್ಟಿಯ ಬಣ್ಣ ಕಳಚುತ್ತದೆ. ಫೈಜರ್‌ನ ಭಾರತೀಯ ಕಂಪನಿ 2024-25ಕ್ಕೆ ಷೇರಿಗೆ 165 ರೂಪಾಯಿ ಘೋಷಿಸಿತು. ಪಟ್ಟಿಗಳು ಕುಣಿದವು. ಬಿಡಿಸಿ ನೋಡಿದರೆ ಮಾಮೂಲಿ ಡಿವಿಡೆಂಡ್ 35 ಮಾತ್ರ. ಭಾರತದಲ್ಲಿ 75 ವರ್ಷ ತುಂಬಿದ ಸಂಭ್ರಮಕ್ಕೆ 100, ಭೋಗ್ಯದ ಜಮೀನಿನ ಹಕ್ಕು ಬಿಟ್ಟುಕೊಟ್ಟ ಲಾಭದಿಂದ 30. ಷೇರು ಬೆಲೆ 5,000 ಎಂದರೆ ಪಟ್ಟಿಯ ಇಳುವರಿ ಶೇ 3.3, ಮಾಮೂಲಿಯದು ಶೇ 0.7. ಎಪ್ಪತ್ತೈದನೆಯ ಹುಟ್ಟುಹಬ್ಬ ಪ್ರತಿ ವರ್ಷ ಬರುತ್ತದೆಯೇ? ಒಮ್ಮೆ ಬಿಟ್ಟುಕೊಟ್ಟ ಜಮೀನನ್ನು ಮುಂದಿನ ವರ್ಷ ಮತ್ತೆ ಬಿಟ್ಟುಕೊಡಲು ಬರುತ್ತದೆಯೇ?

ಗ್ಲ್ಯಾಕ್ಸೋಸ್ಮಿತ್‌ಕ್ಲೈನ್ ಫಾರ್ಮಾದ ಕತೆ ಇನ್ನೂ ಸ್ಪಷ್ಟ. ಸಿಮೆಂಟ್ ಚೀಲ ಹೊತ್ತು ಸೊಂಟ ಹಿಡಿದವರ ಮನೆಗಳಲ್ಲೆಲ್ಲ ಇದ್ದ ಐಯೋಡೆಕ್ಸ್ ಆ ಕಂಪನಿಯ ಸೊತ್ತಾಗಿತ್ತು. ಅದನ್ನೂ ಆಸ್ಟೋಕ್ಯಾಲ್ಸಿಯಂ ಎಂಬ ಹೆಸರನ್ನೂ ತನ್ನದೇ ಬಳಗದ ಇನ್ನೊಂದು ಕಂಪನಿಗೆ ಮಾರಿದ 2021-22ನೇ ಸಾಲಿಗೆ ಷೇರಿಗೆ 90 ರೂಪಾಯಿ ಹಂಚಿತು, ಅದರಲ್ಲಿ 60 'ವಿಶೇಷ'. ಮುಂದಿನ ಸಾಲಿಗೆ ಬಂದದ್ದು 32. ತೊಂಬತ್ತನ್ನು ನೋಡಿ ಕೊಂಡವನಿಗೆ ಒಂದೇ ವರ್ಷದಲ್ಲಿ ಮೂರರಲ್ಲಿ ಒಂದು ಪಾಲು ಉಳಿಯಿತು. ದುಡಿಯುವ ಸೊತ್ತನ್ನು ಮಾರಿ ಹಂಚಿದ ಹಣಕ್ಕೆ ರೈತರ ಮನೆಯಲ್ಲಿ ಬೇರೆ ಹೆಸರಿದೆ. ಬಿತ್ತನೆಗೆಂದು ಕಟ್ಟಿಟ್ಟ ಬೀಜದ ತೊಗರಿಯನ್ನು ಬೇಯಿಸಿ ಉಂಡು 'ಈ ವರ್ಷ ಬೆಳೆ ಚಲೋ ಬಂತು' ಎನ್ನುವ ರೈತ ಈ ಸೀಮೆಯಲ್ಲಿ ಇಲ್ಲ. ಷೇರು ಸಲಹೆಯ ಸೀಮೆಯಲ್ಲಿ ಅಂಥವರೇ ಪಂಡಿತರು. ಇಂಥ ಹಂಚಿಕೆ ಯಾರ ಅನುಕೂಲಕ್ಕೆ ನಡೆಯುತ್ತದೆ ಎಂಬುದನ್ನೂ ಕೇಳಬೇಕು. ಗ್ಲ್ಯಾಕ್ಸೋದ ಭಾರತೀಯ ಕಂಪನಿಯಲ್ಲಿ ಮಾತೃಸಂಸ್ಥೆಯ ಪಾಲು ಶೇ 75. ಹಂಚಿದ ನೂರರಲ್ಲಿ ಎಪ್ಪತ್ತೈದು ರೂಪಾಯಿ ಸಾಗರ ದಾಟುತ್ತದೆ. ಎಷ್ಟು, ಯಾವಾಗ ಎಂಬ ತೀರ್ಮಾನ ಅಲ್ಲಿನ ಬೊಕ್ಕಸದ ಅಗತ್ಯ ನೋಡಿ ಆಗುವುದೇ ಹೊರತು ವಾಡಿಯ ನಿವೃತ್ತ ಫಿಟ್ಟರನ ಮಗಳ ಮದುವೆ ನೋಡಿ ಅಲ್ಲ. ಅದೇ ಕಂಪನಿ ನಮ್ಮದೇ ರಾಜ್ಯದ ಕೋಲಾರ ಜಿಲ್ಲೆಯ ವೇಮಗಲ್‌ನಲ್ಲಿ ಸುಮಾರು ಸಾವಿರ ಕೋಟಿ ರೂಪಾಯಿಯ ಕಾರ್ಖಾನೆ ಕಟ್ಟಿತು. ಎದೆಯುರಿಯ ಜಿನೆಟಾಕ್ ಗುಳಿಗೆ ಅದರ ಜೀವಾಳವಾಗಬೇಕಿತ್ತು. 2019ರಲ್ಲಿ ಆ ಗುಳಿಗೆಯೊಳಗಿನ ರಾನಿಟಿಡಿನ್ ಔಷಧದಲ್ಲಿ ಕ್ಯಾನ್ಸರ್ ತರಬಹುದಾದ ಕಲ್ಮಶದ ಪ್ರಶ್ನೆ ಜಗತ್ತಿನಾದ್ಯಂತ ಎದ್ದಿತು, ಗುಳಿಗೆ ಹಿಂದಕ್ಕೆ ಹೋಯಿತು, ಮರುವರ್ಷ ಕಾರ್ಖಾನೆ ಹೈದರಾಬಾದಿನ ಹೆಟೆರೋ ಪಾಲಾಯಿತು, ಸುಮಾರು 180 ಕೋಟಿಗೆ. ಕಟ್ಟಿದ ಖರ್ಚಿನ ಐದನೇ ಒಂದು ಪಾಲೂ ಬರಲಿಲ್ಲ. ಡಿವಿಡೆಂಡ್ ಇಳುವರಿಯ ಯಾವ ಕಾಲಂ ಇದನ್ನು ಮುನ್ಸೂಚಿಸಿತ್ತು?

ಈಗ ಆ ಸುಪ್ರಭಾತದ ಮೊದಲ ಸಾಲಿಗೇ ಬರುತ್ತೇನೆ. ಕಾಯಿಲೆ ನಿಲ್ಲುವುದಿಲ್ಲ, ನಿಜ. ಹಸಿವೂ ನಿಲ್ಲುವುದಿಲ್ಲ. ಹಸಿವು ನಿಲ್ಲದ ಮಾತ್ರಕ್ಕೆ ತೊಗರಿ ಬೆಳೆದವನು ಶ್ರೀಮಂತನಾಗಿದ್ದಾನೆಯೇ? ಬೇಡಿಕೆ ಬೇರೆ, ಬೆಲೆ ಬೇರೆ, ಲಾಭ ಬೇರೆ ಎಂದು ಬೇಳೆಕಾಳಿನ ಈ ಕಣಜಕ್ಕೆ ಗೊತ್ತಿರುವಷ್ಟು ದಲಾಲ್ ಸ್ಟ್ರೀಟಿಗೂ ಗೊತ್ತಿರಲಿಕ್ಕಿಲ್ಲ. ಅತ್ಯಗತ್ಯ ಔಷಧಗಳ ಬೆಲೆಗೆ 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಮೂಗುದಾರವಿದೆ. ಪಟ್ಟಿಯ ಔಷಧಗಳ ಗರಿಷ್ಠ ಬೆಲೆಯನ್ನು ವರ್ಷಕ್ಕೊಮ್ಮೆ ಸಗಟು ಬೆಲೆ ಸೂಚ್ಯಂಕದ ಪ್ರಕಾರ ಮಾತ್ರ ಏರಿಸಬಹುದು. 2023ರಲ್ಲಿ ಆ ಏರಿಕೆ ಶೇ 12ಕ್ಕೂ ಹೆಚ್ಚಿತ್ತು, 2024ರಲ್ಲಿ ಶೇ 0.00551. ಹೌದು, ಸೊನ್ನೆಗಳನ್ನು ಸರಿಯಾಗಿಯೇ ಓದಿದಿರಿ. ನೂರು ರೂಪಾಯಿಯ ಔಷಧಕ್ಕೆ ಅರ್ಧ ಪೈಸೆ! ಬಡವನ ಔಷಧ ಅಗ್ಗವಾಗಿರಲು ಇಂಥ ಅಂಕುಶ ಬೇಕೇ ಬೇಕು, ಇನ್ನೂ ಬಿಗಿಯಾಗಬೇಕು. ಆದರೆ ಅಂಕುಶ ಇರುವ ಆನೆಯನ್ನು ಕಾಮಧೇನು ಎಂದು ಮಾರಬಾರದು. ರಫ್ತಿನ ಕಡೆ ಹೋದರೆ ಅಮೆರಿಕದ ಔಷಧ ನಿಯಂತ್ರಕರ ಕಣ್ಣು. 2022ರಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಡಿದದ್ದನ್ನು ಯಾರೂ ಮರೆತಿಲ್ಲ. ಕಾಯಿ ಕಟ್ಟಿ ನಿಂತ ಬೆಳೆ ನೋಡನೋಡುತ್ತ ಒಣಗಿತು. ಔಷಧ ಕಾರ್ಖಾನೆಗೆ ಆಮದು ನಿಷೇಧದ ಆದೇಶ ಬೀಳುವುದೂ ಹಾಗೆಯೇ. 2013ರಲ್ಲಿ ವಾಕ್‌ಹಾರ್ಟ್‌ನ ವಾಳುಜ್ ಘಟಕಕ್ಕೆ ಅದು ಬಡಿಯಿತು. ಅದೇ ವರ್ಷ ರ‍್ಯಾನ್‌ಬ್ಯಾಕ್ಸಿ ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ತೆತ್ತಿತು. ಕಾಲಕ್ರಮೇಣ ಆ ಹೆಸರೇ ಸನ್ ಫಾರ್ಮಾದಲ್ಲಿ ಕರಗಿತು. ಆ ವರ್ಷಗಳಲ್ಲೂ ಜನ ಕಾಯಿಲೆ ಬೀಳುತ್ತಲೇ ಇದ್ದರು.

ಡಿವಿಡೆಂಡ್ ಕೊಡಲೇಬೇಕಾದ ಸಾಲವಲ್ಲ, ಆಡಳಿತ ಮಂಡಳಿ ಮನಸ್ಸು ಮಾಡಿದರೆ ಕೊಡುವುದು ಎಂಬುದಕ್ಕೆ ಸಾಕ್ಷಿ ಬೇಕಾದರೆ ವಾಡಿ ಜಂಕ್ಷನ್ನಿನಲ್ಲಿ ರೈಲು ಇಳಿದರೆ ಸಾಕು. ಎದುರಿಗೇ ಎಸಿಸಿ. ಆ ಕಂಪನಿ 2021ಕ್ಕೆ ಷೇರಿಗೆ 58 ರೂಪಾಯಿ ಕೊಟ್ಟಿತು. 2022ರಲ್ಲಿ ಒಡೆತನ ಅದಾನಿ ಸಮೂಹದ ಕೈಗೆ ಬಂತು. ಮುಂದಿನ ಹದಿನೈದು ತಿಂಗಳ ಸಾಲಿಗೆ ಕೊಟ್ಟದ್ದು 9 ರೂಪಾಯಿ 25 ಪೈಸೆ, ಅದರ ನಂತರದ ಸಾಲಿಗೆ ಏಳೂವರೆ. ಗೂಡು ಉರಿಯುತ್ತಲೇ ಇತ್ತು, ಸುಣ್ಣದ ಕಲ್ಲು ಬರುತ್ತಲೇ ಇತ್ತು, ವ್ಯಾಗನ್ ತುಂಬುತ್ತಲೇ ಇತ್ತು. ಬದಲಾದದ್ದು ಹಣವನ್ನು ಎಲ್ಲಿ ತೊಡಗಿಸಬೇಕೆಂಬ ಧಣಿಯ ವಿಚಾರ ಮಾತ್ರ. ಅದು ಅವರ ಹಕ್ಕು, ಕಾನೂನಿನಲ್ಲಿ ಅದಕ್ಕೆ ತಡೆಯಿಲ್ಲ. ದೊಡ್ಡ ಕಂಪನಿಗಳು ಡಿವಿಡೆಂಡ್ ನೀತಿ ಪ್ರಕಟಿಸಬೇಕೆಂದು ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮ ಹೇಳುತ್ತದೆ, ಆದರೆ ನೀತಿ ಎಂದರೆ ವಾಗ್ದಾನವಲ್ಲ. ಕಣ್ಣೆದುರಿನ ಚಿಮಣಿಯ ಹೊಗೆ ನೋಡಿಯೂ ಅದರ ಡಿವಿಡೆಂಡ್ ಹೇಳಲಾಗದವರು ಎಲ್ಲೋ ಹಿಮಾಚಲದ ಬಡ್ಡಿ ಊರಲ್ಲೋ ಗೋವಾದಲ್ಲೋ ಇರುವ ಗುಳಿಗೆ ಕಾರ್ಖಾನೆಯ ಡಿವಿಡೆಂಡಿಗೆ ಜಾಮೀನು ನಿಲ್ಲುತ್ತಾರಂತೆ.

ಇಲ್ಲಿ ಬರುವ ಆಕ್ಷೇಪ ಗೊತ್ತಿರುವುದೇ: ಬ್ಯಾಂಕಿನ ಬಡ್ಡಿ ಬೆಳೆಯುವುದಿಲ್ಲ, ಬೆಲೆಯೇರಿಕೆ ಅದನ್ನು ತಿಂದುಹಾಕುತ್ತದೆ, ಒಳ್ಳೆಯ ಔಷಧ ಷೇರು ಬೆಳೆಯುತ್ತದೆ. ಸರಿ, ಆದರೆ ಹಾಗೆ ಹೇಳಿದ ಕ್ಷಣವೇ ಡಿವಿಡೆಂಡಿನ ವಾದ ಬಿಟ್ಟುಕೊಟ್ಟಂತಾಯಿತು. ನೀವು ಮಾರುತ್ತಿರುವುದು ಬೆಳವಣಿಗೆಯ ನಿರೀಕ್ಷೆ ಎಂದಾದರೆ ಆ ಹೆಸರಿನಲ್ಲೇ ಮಾರಿ. ಹತ್ತು ವರ್ಷ ಮುಟ್ಟಬಾರದ ಹಣ, ನಡುವೆ ಅರ್ಧಕ್ಕೆ ಇಳಿಯಬಹುದಾದ ಹಣ ಎಂದು ಬಾಯಿಬಿಟ್ಟು ಹೇಳಿ. ಬೆಳೆಯುವ ಕಂಪನಿ ಲಾಭವನ್ನು ಮತ್ತೆ ಕಂಪನಿಗೇ ಹಾಕುವುದರಿಂದ ಅದರ ಡಿವಿಡೆಂಡ್ ಸಣ್ಣದು. ದೊಡ್ಡ ಡಿವಿಡೆಂಡ್ ಕೊಡುವ ಕಂಪನಿಗೆ ಬಹುಮಟ್ಟಿಗೆ ಬೆಳೆಯಲು ಜಾಗ ಉಳಿದಿರುವುದಿಲ್ಲ, ಇಲ್ಲವೇ ಅದು ಸೊತ್ತು ಮಾರಿರುತ್ತದೆ. ಎರಡನ್ನೂ ಒಂದೇ ಕೈಯಲ್ಲಿ ತೋರಿಸಿ ಇನ್ನೊಂದು ಕೈಯಲ್ಲಿ ಸಹಿ ಹಾಕಿಸಿಕೊಳ್ಳುವುದು ಜಾದೂಗಾರನ ಕಸುಬು. ಇನ್ನೊಂದು ಆಕ್ಷೇಪ: ಚೀಟಿ ಕಂಪನಿಗೆ, ಹೆಸರಿಲ್ಲದ ಸೌಹಾರ್ದಕ್ಕೆ ಹಾಕಿ ಮುಳುಗುವುದಕ್ಕಿಂತ ಇದು ವಾಸಿಯಲ್ಲವೇ? ಕಳ್ಳನಿಗಿಂತ ವಾಸಿ ಎಂಬುದೇ ಪ್ರಮಾಣಪತ್ರವಾದರೆ ಮಾತು ಮುಗಿಯಿತು. ಅಂಚೆ ಕಚೇರಿ ಊರಲ್ಲೇ ಇರುವಾಗ ಹೋಲಿಕೆಗೆ ಚೀಟಿ ಕಂಪನಿಯನ್ನೇ ಏಕೆ ಕರೆತರಬೇಕು? ಅಂಚೆ ಯೋಜನೆಯಿಂದ ಸಲಹೆಗಾರನಿಗೆ ಕಮಿಷನ್ ಸಿಗುವುದಿಲ್ಲ ಎಂಬ ಕಾರಣವನ್ನು ಬಿಟ್ಟರೆ ಬೇರೆ ಉತ್ತರ ನನಗೆ ಹೊಳೆಯುತ್ತಿಲ್ಲ. ಷೇರಿನಿಂದ ಡಿವಿಡೆಂಡ್ ಹಕ್ಕು ಕಳಚುವ ದಿನ (ಎಕ್ಸ್-ಡಿವಿಡೆಂಡ್) ಅದರ ಬೆಲೆ ಸರಿಸುಮಾರು ಅಷ್ಟೇ ಇಳಿಯುತ್ತದೆ, 2020ರಿಂದ ಆ ಹಣ ಪಡೆದವನ ಆದಾಯಕ್ಕೆ ಸೇರಿ ತೆರಿಗೆಗೆ ಒಳಪಡುತ್ತದೆ, ಏಳು ವರ್ಷ ಪಡೆಯದೆ ಬಿಟ್ಟರೆ ಡಿವಿಡೆಂಡ್ ಮಾತ್ರವಲ್ಲ ಷೇರೂ ಕೇಂದ್ರದ ಹೂಡಿಕೆದಾರರ ನಿಧಿಗೆ ಹೋಗುತ್ತದೆ. ಇವನ್ನು ಯಾವ ಏಜೆಂಟನೂ ಚಹಾ ಕುಡಿಯುತ್ತ ಹೇಳುವುದಿಲ್ಲ.

ಶೇಕಡಾವಾರು ಅಂಕಿಯಲ್ಲಿ ಕಾಣದ ಇನ್ನೊಂದು ಸಂಗತಿ ಇದೆ, ಅದು ನಮ್ಮ ಹಿತ್ತಿಲಲ್ಲೇ ಇದೆ. ಯಾದಗಿರಿ ದಾಟಿ ಸೈದಾಪುರದ ಕಡೆ ಹೋದರೆ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶ. ರೈತರಿಂದ ಮೂರು ಸಾವಿರ ಎಕರೆಗೂ ಹೆಚ್ಚು ಭೂಮಿ ಪಡೆದು ಮಾಡಿದ್ದು. ಉದ್ಯೋಗದ ಭರವಸೆಯ ಮೇಲೆ ಬಂದವುಗಳಲ್ಲಿ ಔಷಧ ಮತ್ತು ರಾಸಾಯನಿಕ ಘಟಕಗಳೇ ಎದ್ದು ಕಾಣುತ್ತವೆ. ದುರ್ವಾಸನೆ, ಹಳ್ಳಕ್ಕೆ ಬರುವ ತ್ಯಾಜ್ಯ, ಉಸಿರಿನ ತೊಂದರೆ ಎಂದು ಸುತ್ತಲ ಹಳ್ಳಿಗಳವರು ವರ್ಷಗಳಿಂದ ದೂರುತ್ತಿದ್ದಾರೆ. ಇನ್ನೊಂದು ಕಡೆ, ಹೈದರಾಬಾದಿನ ಬಳಿ, ಪಾಶಮೈಲಾರಂ. ಗುಳಿಗೆಗೆ ಬೇಕಾಗುವ ಪುಡಿ ತಯಾರಿಸುವ, ಷೇರುಪೇಟೆಯಲ್ಲಿರುವ ಸಿಗಾಚಿ ಕಂಪನಿಯ ಅಲ್ಲಿನ ಕಾರ್ಖಾನೆಯಲ್ಲಿ 2025ರ ಜೂನ್ 30ರಂದು ಸಂಭವಿಸಿದ ಸ್ಫೋಟ ಐವತ್ತಕ್ಕೂ ಹೆಚ್ಚು ಕಾರ್ಮಿಕರನ್ನು ಬಲಿ ತೆಗೆದುಕೊಂಡಿತು. ಸಿಮೆಂಟ್ ದೂಳನ್ನು ಮೂವತ್ತು ವರ್ಷ ಎದೆಗೆ ಎಳೆದುಕೊಂಡವನಿಗೆ ಔಷಧ ಎಂಬುದು 'ಸ್ವಚ್ಛ' ಉದ್ಯಮ, 'ರಕ್ಷಣಾತ್ಮಕ' ಹೂಡಿಕೆ ಎಂದು ಮಾರುವಾಗ ರಕ್ಷಣೆ ಯಾರದ್ದು ಎಂಬ ಪ್ರಶ್ನೆಯಾದರೂ ಏಳಬೇಡವೇ? ಅವನು ಷೇರುದಾರನಾಗಿ ಮೇಲಿನಿಂದ ಎಣಿಸುವ ಪೈಸೆಗಳು ಇನ್ನೊಬ್ಬ ಕಾರ್ಮಿಕನ ಸುರಕ್ಷತೆಯಲ್ಲಿ ಉಳಿಸಿದ ಪೈಸೆಗಳೇ ಎಂದು ಯಾವ ವಾರ್ಷಿಕ ವರದಿ ಹೇಳೀತು?

ಹಾಗಾದರೆ ಇಷ್ಟು ದುರ್ಬಲವಾದ ವಾದ ಇಷ್ಟು ಸುಲಭವಾಗಿ ಏಕೆ ಒಪ್ಪಿತವಾಯಿತು? ಕಾರ್ಮಿಕನಿಗೆ ನಿಜವಾದ ಪಿಂಚಣಿ ಕೊಡದೆ ಬಿಟ್ಟದ್ದರಿಂದ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ ಎಂದು 2014ರಲ್ಲಿ ನಿಗದಿಯಾಯಿತು. ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳದ ಮಿತಿ ಆಗ 15,000 ಆಯಿತು. ಆ ಮಿತಿಯ ಸಂಬಳದ ಮೇಲೆ ಮೂವತ್ತು ವರ್ಷ ಪೂರ್ತಿ ದುಡಿದರೂ ಸೂತ್ರದಂತೆ ಕೈಗೆ ಬರುವುದು ಏಳು ಸಾವಿರದ ಒಳಗೆ. ಗುತ್ತಿಗೆ ಕಾರ್ಮಿಕನ ಪಾಡು ಇದಕ್ಕಿಂತ ಕೆಳಗೆ. ಈ ಖಾಲಿ ಜಾಗದಲ್ಲಿ ಏಜೆಂಟ್ ಬಂದು ಕೂತಿದ್ದಾನೆ. ಸರ್ಕಾರ ಹೊರಬೇಕಾದ ಭಾರವನ್ನು 'ಜಾಣ ಹೂಡಿಕೆ' ಎಂಬ ಹೆಸರಿನಲ್ಲಿ ಅರವತ್ತರ ಮುದುಕನ ಹೆಗಲಿಗೆ ಹೊರಿಸಿ, ಸೋತರೆ ಅವನ ಅಜ್ಞಾನವೆಂದು ಬೈಯುವ ಏರ್ಪಾಡಿನಲ್ಲಿ ಔಷಧ ಷೇರಿನ ಡಿವಿಡೆಂಡ್ ಕತೆ ಒಂದು ಸಿಹಿ ಲೇಪನ.

ಇದು ನಿಲ್ಲಬೇಕು, ನಿಲ್ಲಿಸಬಹುದು. ಕನ್ನಡ ಪತ್ರಿಕೆಗಳು 'ಹೆಚ್ಚು ಇಳುವರಿ'ಯ ಪಟ್ಟಿ ಅಚ್ಚು ಹಾಕುವುದಾದರೆ ಮಾಮೂಲಿ ಡಿವಿಡೆಂಡ್ ಬೇರೆ, ವಿಶೇಷ ಡಿವಿಡೆಂಡ್ ಬೇರೆ, ಐದು ವರ್ಷದ್ದು ಸಾಲಾಗಿ ಕೊಡಲಿ. ಅದಾಗದಿದ್ದರೆ ಪಟ್ಟಿಯನ್ನೇ ಬಿಡಲಿ. ಒಮ್ಮೆ ಬಂದು ಹೋಗುವ ಹಣವನ್ನು ಇಳುವರಿಯ ಅಂಕಿಯಲ್ಲಿ ಸೇರಿಸಿ ಪ್ರಚಾರ ಮಾಡುವುದನ್ನು ಸೆಬಿ ನಿಷೇಧಿಸಲಿ. ಮಳಖೇಡದಿಂದ ಚಿಂಚೋಳಿಯವರೆಗಿನ ಕಾರ್ಖಾನೆಗಳ ಕಾರ್ಮಿಕ ಸಂಘಗಳು ಬೋನಸ್‌ಗೆ ಹಾಕುವ ಶಕ್ತಿಯಲ್ಲಿ ಸ್ವಲ್ಪವನ್ನಾದರೂ ಕನಿಷ್ಠ ಪಿಂಚಣಿ ಏರಿಸುವ ಬೇಡಿಕೆಗೆ ಹಾಕಲಿ. ಕಲಬುರಗಿಯಲ್ಲಿ ಮತ ಕೇಳಲು ಬರುವ ಎಲ್ಲ ಪಕ್ಷದವರನ್ನೂ ಆ ಒಂದು ಸಾವಿರದ ಬಗ್ಗೆ ನಿಲ್ಲಿಸಿ ಕೇಳಲಿ. ನಿವೃತ್ತಿಯ ದಿನ ಶಾಲು, ಹಾರ, ಗೋಡೆ ಗಡಿಯಾರದ ಜೊತೆಗೆ ಒಂದು ಹಾಳೆ ಕೊಡುವುದು ಸಂಘದ ಕೆಲಸವಾಗಲಿ: ಇಪ್ಪತ್ತು ಲಕ್ಷಕ್ಕೆ ಅಂಚೆಯಲ್ಲಿ ವರ್ಷಕ್ಕೆ ಎಷ್ಟು, ಏಜೆಂಟ್ ಹೇಳುವ ಷೇರಿನ ಮಾಮೂಲಿ ಡಿವಿಡೆಂಡಿನಲ್ಲಿ ಎಷ್ಟು, ಏಜೆಂಟನಿಗೆ ಎಷ್ಟು. ಮೂರನ್ನೂ ಏಜೆಂಟನೇ ತನ್ನ ಕೈಯಿಂದ ಬರೆದು ಕೆಳಗೆ ಸಹಿ ಹಾಕಬೇಕು. ಹಾಕಲು ಒಲ್ಲೆ ಎಂದವನನ್ನು ಕಟ್ಟೆ ಹತ್ತಗೊಡದೆ ಅಂಗಳದಿಂದಲೇ ಕಳಿಸಬೇಕು.